ಬದುಕಿದ್ದವನ ಸೂತಕ

ಜನವರಿ 29, ಬುಧವಾರ

190/110.

ರಾಮನಗರದ ಡಾಕ್ಟರಮ್ಮ ಬರೆದಿಡಿ ಎಂದಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಪಶು ಆಹಾರದ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಪುಸ್ತಕ ಇದು. ಇದುವರೆಗೆ ಒಂದು ಪುಟವೂ ತಿರುಗಿಸಿರಲಿಲ್ಲ.

ಸೋಮವಾರ ನಮ್ಮ ಹಾಲಿನ ಸೊಸೈಟಿಯಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಜನ ಒಳಗೆ ಬರದೆ ಬಾಗಿಲಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದರು. ನರ್ಸ್ ಸೌಮ್ಯ, "ಸೆಕ್ರೆಟರಿ ಸಾರ್, ಮೊದ್ಲು ನೀವು ಕೂತ್ಕೊಳ್ಳಿ, ನಿಮ್ಮನ್ನ ನೋಡಿ ಮಿಕ್ಕೋರು ಬತ್ತಾರೆ" ಎಂದಳು. ನಾನು ಗತ್ತಿನಿಂದ ಅಂಗಿ ತೋಳು ಮಡಚಿ ಕೂತೆ. ಪಟ್ಟಿ ಬಿಗಿಯಿತು, ಸಡಿಲವಾಯಿತು. ಅವಳು ಬಾಯಲ್ಲಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು. ನಾನು ಎದ್ದು ನಿಂತು, "ಕಲ್ಲುಗುಂಡು ಕಣ್ರಪ್ಪಾ, ಏನೂ ಇಲ್ಲ, ಬನ್ನಿ" ಎಂದು ಕೂಗಿದೆ. ಎಲ್ಲರೂ ಬಂದರು.

ಮಧ್ಯಾಹ್ನ ಜನ ಚದುರಿದ ಮೇಲೆ ಮತ್ತೆ ಕೂತೆ. ಅದೇ ಅಂಕಿ. "ಮಿಷಿನ್ ಕೆಟ್ಟೈತೆ ಕಣಮ್ಮ" ಎಂದೆ. ಸೌಮ್ಯ ನಮ್ಮ ಹಾಲು ಪರೀಕ್ಷೆ ಮಾಡುವ ಮಿಷಿನ್ ಕಡೆ ನೋಡಿ, "ನೀರು ಬಿದ್ದೈತೆ ಅಂದಾಗ ಜನ ಹಂಗೇ ಅಂತಾರಲ್ಲ, ಅವಾಗ ನೀವೇನಂತೀರಾ ಸಾರ್?" ಎಂದಳು. ಹದಿನೇಳು ವರ್ಷದಿಂದ ನಾನು ಹೇಳುವುದು ಒಂದೇ ಮಾತು. ಮಿಷಿನ್ ಯಾರಿಗೂ ನೆಂಟ ಅಲ್ಲ. ಅಂಗಿ ತೋಳು ಇಳಿಸಿಕೊಂಡು ಎದ್ದೆ.

ಇವತ್ತು ರಾಮನಗರಕ್ಕೆ ಹೋದೆ. ದಿನಾ ಬೆಳಿಗ್ಗೆ ಒಂದು ಮಾತ್ರೆ, ಬಿಡುವ ಹಾಗಿಲ್ಲ, ಉಪ್ಪು ಕಮ್ಮಿ. ಕೊನೆಗೆ ಡಾಕ್ಟರಮ್ಮ ಹೇಳಿದ್ದು: ಶಿವರಾತ್ರಿಗೆ ಬೆಟ್ಟಕ್ಕೆ ನಡೆದು ಹೋಗೋದು ಈ ವರ್ಷ ಬೇಡ.

ಮಾದಪ್ಪನ ಬೆಟ್ಟಕ್ಕೆ ನಮ್ಮ ಕೂಟಗಲ್ಲಿನಿಂದ ಐದು ದಿನದ ದಾರಿ. ಕನಕಪುರ ದಾಟಿ, ಕಾವೇರಿ ಹೊಳೆಗಿಳಿದು, ಹಗ್ಗ ಹಿಡಿದು ಆಚೆ ದಡ ಸೇರಿ, ಕಾಡು ಹತ್ತಬೇಕು. ಇಪ್ಪತ್ತೆರಡು ವರ್ಷದಿಂದ ಮುಂದೆ ನಡೆಯುವವನು ನಾನು. ಹೊಳೆಯಲ್ಲಿ ಹಗ್ಗದ ತುದಿ ಹಿಡಿದು ಮೊದಲು ಇಳಿಯುವವನೂ ನಾನೇ. ದಾರಿಯಲ್ಲಿ ಮೈ ಕೈಕೊಟ್ಟು ವಾಪಸ್ಸಾದವರನ್ನು ಮಾದಪ್ಪ ಒಪ್ಪಲಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಅದನ್ನು ಹೇಳಿಕೊಟ್ಟವನೂ ನಾನೇ. ಮೂರು ವರ್ಷದ ಹಿಂದೆ ರಾಮಲಿಂಗಣ್ಣ ಸಾತನೂರಿನ ಹತ್ತಿರ ಮರದ ಕೆಳಗೆ ಕೂತು ಮಾತ್ರೆ ಡಬ್ಬಿ ಬಿಚ್ಚಿದಾಗ, "ಮಾದಪ್ಪನ್ನ ನಂಬ್ಕಂಡ್ ಬಂದಿದ್ದೀಯೋ ಡಬ್ಬಿ ನಂಬ್ಕಂಡ್ ಬಂದಿದ್ದೀಯೋ?" ಎಂದು ಕೇಳಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಈಗ ನನ್ನ ಕೈಗೇ ಡಬ್ಬಿ ಬಂದಿದೆ. ಯಾರಿಗೂ ಹೇಳುವ ಮಾತಲ್ಲ ಇದು.

ಜನವರಿ 31, ಶುಕ್ರವಾರ

ಮಾತ್ರೆ ನುಂಗಿ ಎರಡು ದಿನ. ಹಾಲಿನ ಕ್ಯಾನ್ ಎತ್ತಿ ನೆಟ್ಟಗಾದರೆ ಕಣ್ಣು ಕತ್ತಲೆ ಬರುತ್ತದೆ. ಕ್ಯಾನಿನ ಮುಚ್ಚಳ ಸರಿ ಮಾಡುವವನ ಹಾಗೆ ಅದನ್ನೇ ಹಿಡಿದು ನಿಲ್ಲುತ್ತೇನೆ.

ಮಾತ್ರೆಯನ್ನು ಸೊಸೈಟಿಯ ಬೀರುವಿನಲ್ಲಿ, ಹಳೆಯ ರಸೀದಿ ಪುಸ್ತಕಗಳ ಹಿಂದೆ ಇಟ್ಟಿದ್ದೇನೆ. ಹೆಂಡತಿ ಬೀರಮ್ಮನಿಗೆ ಮಾತ್ರ ಹೇಳಿದೆ, ಉಪ್ಪಿನ ವಿಷಯ ಮುಚ್ಚಿಡಲು ಆಗುವುದಿಲ್ಲವಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. "ಅದುಕ್ಕೇನಂತೆ, ನಮ್ಮಣ್ಣನೂ ತಗೊತಾವ್ನೆ" ಎಂದು ಬಸ್ಸಾರಿಗೆ ಒಗ್ಗರಣೆ ಹಾಕಿದಳು. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದೆ. ಬಸ್ಸಾರು ಮಣ್ಣು ತಿಂದ ಹಾಗಿತ್ತು.

ಫೆಬ್ರವರಿ 6, ಗುರುವಾರ

ಕಾಲು ಊದಿದೆ. ಚಪ್ಪಲಿಯ ಪಟ್ಟಿ ಒಳಗೆ ಪಾದ ಹೋಗುತ್ತಿಲ್ಲ. ಇಪ್ಪತ್ತೆರಡು ವರ್ಷ ಬರಿಗಾಲಲ್ಲಿ ಬೆಟ್ಟ ಹತ್ತಿದ ಕಾಲು, ಮನೆಯಿಂದ ಸೊಸೈಟಿಗೆ ಹೋಗಲು ನಖರಾ ಮಾಡುತ್ತಿದೆ. ಹಾಲಿನ ಅಳತೆಗೆ ಕೂತಾಗ ಪಂಚೆ ಇಳಿಬಿಟ್ಟು ಮುಚ್ಚಿಕೊಂಡೆ.

ಫೆಬ್ರವರಿ 10, ಸೋಮವಾರ

ಇವತ್ತು ನಡೆಯುವವರೆಲ್ಲ ಅರಳಿಕಟ್ಟೆಯಲ್ಲಿ ಸೇರಿದ್ದರು. ಇಪ್ಪತ್ತೊಂದನೇ ತಾರೀಕು ಶುಕ್ರವಾರ ಬೆಳಿಗ್ಗೆ ಹೊರಡುವುದು. ಇಪ್ಪತ್ತಮೂರು ಜನ. ಹೇಳಿಬಿಡೋಣ ಎಂದೇ ಹೋಗಿದ್ದೆ. ಹೋದರೆ ನಮ್ಮ ಬೀರೇಶ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಾನೆ.

ಬೀರೇಶ ನನ್ನ ಅಣ್ಣನ ಮಗ. ಅಣ್ಣ ಹೋದ ಮೇಲೆ ನಾನೇ ಬೆಳೆಸಿದೆ. ಪಕ್ಕದ ಮನೆ, ಕುರಿ ಕೂಡುವ ರೊಪ್ಪ ಎರಡು ಮನೆಗೂ ಒಂದೇ. ಅವನ ಹೆಂಡತಿ ಮಾನಸಳಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೂರನೆಯದು ಉಳಿದರೆ ಮಗುವಿನ ಮೊದಲ ಶಿವರಾತ್ರಿಗೆ ನಡೆದು ಬರುತ್ತೇನೆ ಎಂದು ಇವನು ಹರಕೆ ಹೊತ್ತ. ಮಗಳು ಹುಟ್ಟಿ ನಾಲ್ಕು ತಿಂಗಳಾಯಿತು. ದೀಪಾವಳಿಯಿಂದ ಚಪ್ಪಲಿ ಬಿಟ್ಟಿದ್ದಾನೆ, ಕಾಲು ಗಟ್ಟಿಯಾಗಲಿ ಎಂದು.

"ಚಿಕ್ಕಪ್ಪ, ಹೊಳೇಲಿ ನಿನ್ನ ಹಿಂದ್ಗಡೆ ನಾನೇ ಹಗ್ಗ ಹಿಡಿಯೋದು. ಬೇರೆ ಯಾರ್ಗೂ ಕೊಡಬೇಡ" ಎಂದ.

ಆಗಲಿ ಎಂದೆ.

ಫೆಬ್ರವರಿ 13, ಗುರುವಾರ

168/100. ಊತ ಬರುವುದು ಆ ಮಾತ್ರೆಯಿಂದಲಂತೆ, ಬೇರೆ ಕೊಟ್ಟಿದ್ದಾರೆ. ಬಸ್ಸಿನಲ್ಲಾದರೂ ಹೋಗಿ ಬೆಟ್ಟ ಹತ್ತಲೇ ಎಂದು ಕೇಳಿದೆ. "ಅಜ್ಜ, ನೀವು ಬೆಟ್ಟಕ್ಕೆ ಹೋಗೋಕೆ ಕೇಳ್ತಿದ್ದೀರೋ, ಜನರ ಕಣ್ಣಿಗೆ ಕಾಣೋಕೆ ಕೇಳ್ತಿದ್ದೀರೋ?" ಎಂದರು ಡಾಕ್ಟರಮ್ಮ. ಐವತ್ತೆಂಟಕ್ಕೆ ಅಜ್ಜ ಅನ್ನಿಸಿಕೊಂಡು ಬಂದೆ.

ಫೆಬ್ರವರಿ 14, ಶುಕ್ರವಾರ

ಒಂದು ಕೆಲಸ ಮಾಡಿದ್ದೇನೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಸಂಜೆ ಹಾಲು ಅಳೆದಾದ ಮೇಲೆ ಶಿವಕುಮಾರ ನಿಂತ. ಪ್ರತಿ ವರ್ಷ ಗುಂಪಿನ ಹಿಂದೆ ಕಾವಲಾಗಿ ನಡೆಯುವವನು ಅವನು. "ಲಕ್ಕಣ್ಣ, ಹಗ್ಗ ಹೊಸದು ತರನಾ, ಹಳೇದೇ ಆಯ್ತದಾ?" ಎಂದ. ನಾನು ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

"ನಾನು ಈ ಸಲ ಬರಾಕಿಲ್ಲ ಕಣ್ಲಾ. ಸೂತಕ ಬಂದ್ಬುಟ್ಟೈತೆ."

"ಯಾರು?"

"ಮಾಗಡಿ ಗುಡ್ಡಯ್ಯ."

ಗುಡ್ಡಯ್ಯ ನಮ್ಮಪ್ಪನ ದಾಯಾದಿ ತಮ್ಮ, ನನಗೆ ಚಿಕ್ಕಪ್ಪ ಆಗಬೇಕು. ಎಂಬತ್ತಾರು ವರ್ಷ. ಹತ್ತು ವರ್ಷದಿಂದ ಇವತ್ತೋ ನಾಳೆಯೋ ಎನ್ನುತ್ತಾ ಗಟ್ಟಿಮುಟ್ಟಾಗಿದ್ದಾರೆ. ಈ ಊರಲ್ಲಿ ಅವರ ಫೋನ್ ನಂಬರ್ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಇವತ್ತಿನಿಂದ ಹನ್ನೊಂದು ದಿನವೆಂದರೆ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ, ಹೊರಡುವ ದಿನ ದಾಟುತ್ತದೆ. ಇಷ್ಟೆಲ್ಲ ಲೆಕ್ಕ ನನ್ನ ತಲೆಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ಸೂತಕದವನು ಯಾತ್ರೆಗೆ ಬಾರದಿದ್ದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಶಿವಕುಮಾರನೂ ಕೇಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, "ಮಣ್ಣು ಯಾವತ್ತು?" ಎಂದ. ನಿನ್ನೆಯೇ ಆಯಿತು, ಸುದ್ದಿ ತಡವಾಯಿತು ಎಂದೆ.

ಮನೆಗೆ ನಡೆಯುವಾಗ ಎದೆ ಹಗುರಾಗಿತ್ತು. ಅದನ್ನು ನೆನೆದರೆ ಈಗ ಅಸಹ್ಯವಾಗುತ್ತದೆ.

ಫೆಬ್ರವರಿ 15, ಶನಿವಾರ

ದಾಯಾದಿ ಸತ್ತರೆ ಸೂತಕ ಎಲ್ಲ ದಾಯಾದಿಗೂ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ, ಯಾರಿಗೆ ಎಷ್ಟು ದಿನ ಎಂದು ಕೇಳಿಕೊಂಡು ಬರುವುದು ನನ್ನ ಹತ್ತಿರವೇ. ಅಂಥ ನನಗೆ ನಿನ್ನೆ ಬೀರೇಶನ ನೆನಪೇ ಆಗಲಿಲ್ಲ. ಸೂತಕ ನನಗೊಬ್ಬನಿಗೇ ಬರುತ್ತದೆ ಎಂಬಂತೆ ಹೇಳಿಬಿಟ್ಟಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಅವನು ಜಗಲಿಯಲ್ಲಿ ಕೂತು ಕಟ್ಟಿದ್ದ ಚೀಲ ಬಿಚ್ಚುತ್ತಿದ್ದ. ಹಳದಿ ಪಂಚೆ, ಟಾರ್ಚು, ಅವಲಕ್ಕಿ ಗಂಟು, ಮಗುವಿನ ಹೆಸರಲ್ಲಿ ಹುಂಡಿಗೆ ಹಾಕಲು ಇಟ್ಟ ಪುಟ್ಟ ಬೆಳ್ಳಿ ತೊಟ್ಟಿಲು. ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಇಟ್ಟ.

"ಚಿಕ್ಕಪ್ಪ, ಮೊದಲ ಶಿವರಾತ್ರಿ ಅಂತ ಹೇಳ್ಕಂಡಿದ್ದೆ. ಮುಂದಿನ್ವರ್ಷ ಹೋದ್ರೆ ಮಾದಪ್ಪ ಒಪ್ಕತಾನಾ?"

ನಾನು, ಎಲ್ಲ ಬಲ್ಲ ನಾನು, "ಒಪ್ಕತಾನೆ ಬುಡು" ಎಂದೆ.

"ನೀನೇ ಅಂತಿದ್ದೆ, ಹೊತ್ತ ದಿನ ತಪ್ಪಿದ್ರೆ ಹರಕೆ ಅಲ್ಲ ಅಂತ."

ಹೌದು, ಅಂದಿದ್ದೆ. ಏನೆಲ್ಲ ಅಂದಿದ್ದೇನೋ ಈ ಬಾಯಲ್ಲಿ. ಹನ್ನೊಂದನೇ ದಿನ ತಿಥಿಗೆ ಮಾಗಡಿಗೆ ಹೋಗಲು ಆಟೋ ಗೊತ್ತು ಮಾಡುತ್ತೇನೆ ಎಂದ. ಅದನ್ನು ಹೇಗೆ ತಪ್ಪಿಸುವುದೋ ತಿಳಿಯದು.

ಫೆಬ್ರವರಿ 16, ಭಾನುವಾರ

ಬೀರಮ್ಮನಿಗೆ ವಿಷಯ ಗೊತ್ತಾದದ್ದು ನಲ್ಲಿಯ ಹತ್ತಿರ. ಬಿಂದಿಗೆ ಇಳಿಸಿ ನನ್ನ ಮುಂದೆ ನಿಂತಳು.

"ಗುಡ್ಡಯ್ಯ ಮಾವ ಸತ್ತೋದ್ರಂತೆ?"

ನಾನು ಪೇಪರ್ ಓದುತ್ತಿದ್ದೆ.

"ನಿನ್ನೆ ನನ್ ಕೂಡೆ ಫೋನಲ್ಲಿ ಮಾತಾಡವ್ರೆ. ಹೆಸರುಬೇಳೆ ಪಾಯಸ ಉಂಡೆ ಕಣವ್ವ ಅಂದ್ರು." ಬಿಂದಿಗೆಯನ್ನು ಗೋಡೆಗೆ ಸರಿಸಿದಳು. "ಬದುಕಿರೋರ್ನ ಸತ್ರು ಅಂದ್ರೆ ಆಯಸ್ಸು ಗಟ್ಟಿಯಾಯ್ತದಂತೆ. ಅವ್ರು ಇನ್ನೂ ಇಪ್ಪತ್ ವರ್ಷ ಇರ್ತಾರೆ ಬುಡಿ. ಆ ಹುಡುಗನ ಹರಕೆ ಕಥೆ ಏನು?"

ಅವಳು ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಸೂತಕದ ಮನೆಯಲ್ಲಿ ಹಚ್ಚಬಾರದು. ನಾನು ಎದ್ದು ಬೀದಿ ಬಾಗಿಲು ಹಾಕಿದೆ.

ಫೆಬ್ರವರಿ 17, ಸೋಮವಾರ

ಮಗುವಿಗೆ ಜ್ವರ. ಸೌಮ್ಯ ಬಂದು ನೋಡಿ, ಸಾಮಾನ್ಯ ಜ್ವರ, ನೆಗಡಿ ಎಂದು ಔಷಧಿ ಕೊಟ್ಟು ಹೋದಳು. ಮಾನಸ ನಂಬುತ್ತಿಲ್ಲ. "ಹರಕೆ ತಪ್ತಾ ಐತಲ್ಲ, ಅದುಕ್ಕೇ" ಎಂದು ಮಗುವನ್ನು ಮಡಿಲಿನಿಂದ ಇಳಿಸದೆ ಕೂತಿದ್ದಾಳೆ. ಎರಡು ಕಳೆದುಕೊಂಡವಳು. ಗೋಡೆಯ ಈಚೆಗೆ ಕೂತರೂ ಅವಳು ಗುನುಗುವುದು ಕೇಳಿಸುತ್ತದೆ.

ನಾನು ಹೋಗಿ ಹೇಳಬೇಕು. ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟೆ.

ಫೆಬ್ರವರಿ 18, ಮಂಗಳವಾರ

ದೊಡ್ಡಲಕ್ಷ್ಮಕ್ಕ ಮಾತಾಡಿಸಿಕೊಂಡು ಹೋಗಲು ಬಂದಿದ್ದಳು, ಸಾವಿನ ಮನೆಗೆ ಬರುವ ಹಾಗೆ. ರಾಮಲಿಂಗಣ್ಣನ ಹೆಂಡತಿ. ಅವನು ತೀರಿಕೊಂಡು ಎರಡು ವರ್ಷವಾಯಿತು. ಬೆಟ್ಟದಿಂದ ನಡೆದು ಬಂದ ಒಂಬತ್ತನೇ ದಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಾ ಬಿದ್ದವನು ಏಳಲಿಲ್ಲ. ಅವನ ತಿಥಿಯ ದಿನ, "ಬೆಟ್ಟ ಮಾಡಿ ಬಂದು ಪ್ರಾಣ ಬುಟ್ಟ, ಪುಣ್ಯವಂತ" ಎಂದು ಹೇಳಿದವನು ನಾನು. ಎಲ್ಲರೂ ತಲೆ ಆಡಿಸಿದ್ದರು.

ಸೂತಕದ ಮನೆಯೆಂದು ಅವಳು ನೀರು ಕೂಡ ಕೇಳಲಿಲ್ಲ. ಜಗಲಿಯ ತುದಿಯಲ್ಲಿ ಕೂತು ಗುಡ್ಡಯ್ಯನ ವಯಸ್ಸು ಕೇಳಿದಳು, ಮಕ್ಕಳು ಎಷ್ಟು ಎಂದು ಕೇಳಿದಳು. ನಾನು ಅವಳಿಗೆ ಮಣೆ ಸರಿಸಿ ಕೊಡಲು ಬಗ್ಗಿದೆ. ಬೆಳಿಗ್ಗೆ ಬೀರುವಿನಿಂದ ತೆಗೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ ಮಾತ್ರೆ ಪಟ್ಟಿ ಜಾರಿ ಅವಳ ಕಾಲ ಹತ್ತಿರವೇ ಬಿತ್ತು. ನಾನು ಕೈ ಚಾಚುವ ಮೊದಲೇ ಅವಳು ಎತ್ತಿಕೊಂಡಳು.

"ಇದು ಬಿಪಿದು ಅಲ್ವಾ? ನಮ್ಮನೆಯವ್ರು ತಗೊತಿದ್ದುದು ಇದೇ."

ನಾನು ಮಣೆಯನ್ನು ಅವಳ ಕಡೆ ಸರಿಸಿದೆ.

"ಆರು ವರ್ಷ ತಪ್ಪದಂಗೆ ತಗೊಂಡ್ರು, ಲಕ್ಕಣ್ಣ. ಆಮೇಲೆ ದಾರೀಲಿ ಯಾರೋ ನಕ್ರಂತೆ. ಆ ವರ್ಷ ಬಂದು ನಂತಾವ ಹೇಳ್ಕಂಡು ಒಸಿ ಬೇಜಾರು ಮಾಡ್ಕಂಡ್ರು. ಮಾರನೇ ವರ್ಷ ನಾನು ಚೀಲದಲ್ಲಿ ಇಟ್ರೆ ತೆಗೆದು ಗೂಡಿನಲ್ಲಿ ಇಟ್ಟು ಹೋದ್ರು. ಬಂದ್ಮೇಲಾದ್ರೂ ತಗೊಳಿ ಅಂದೆ. ಬೆಟ್ಟಾನೇ ಹತ್ತಿವ್ನಿ, ಇನ್ಯಾಕೆ ಅಂದ್ರು." ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಆ ಪಟ್ಟಿ ಇನ್ನೂ ಗೂಡಲ್ಲೇ ಐತೆ. ಎಸೆಯಕ್ಕೆ ಮನಸು ಬಂದಿಲ್ಲ."

ಯಾರು ನಕ್ಕದ್ದು ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೋಗುವಾಗ, "ಸೂತಕ ಅಂತ ಮಾತ್ರೆ ಬುಡಬೇಡ, ಅದ್ಕೆ ಮೈಲಿಗೆ ಇಲ್ಲ" ಎಂದಳು.

ಪುಣ್ಯವಂತ ಎಂದಿದ್ದೆ. ಅವಳ ಎದುರಿಗೇ ಅಂದಿದ್ದೆ, ಅವಳು ಸೆರಗು ಬಾಯಿಗಿಟ್ಟು ಕೂತಿದ್ದಳು.

ಫೆಬ್ರವರಿ 19, ಬುಧವಾರ

ಮಾತ್ರೆ ತಗೊಂಡೆ. ಊಟ ಸೇರಲಿಲ್ಲ.

ಫೆಬ್ರವರಿ 20, ಗುರುವಾರ

158/96.

ಬೀರೇಶ ರೊಪ್ಪದಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದ. ಪಕ್ಕದಲ್ಲಿ ಹೋಗಿ ನಿಂತೆ. ಮಗುವಿನ ಜ್ವರ ಇಳಿಯಿತಾ ಎಂದೆ. ಇಳಿದಿದೆ ಎಂದ. ಮಳೆ ಬರುವ ಹಾಗಿಲ್ಲ ಎಂದೆ. ಫೆಬ್ರವರಿಯಲ್ಲಿ ಮಳೆಯ ಮಾತು ಯಾಕೆಂದು ಅವನು ನನ್ನ ಮುಖ ನೋಡಿದ. ವಾಪಸ್ ಬಂದೆ.

ನಾಳೆ ಬೆಳಿಗ್ಗೆ ಅವರು ಹೊರಡುತ್ತಾರೆ. ಒಬ್ಬನ ಮುಂದೆ ಹೇಳಲಾಗದ್ದನ್ನು ಎಲ್ಲರ ಮುಂದೆ ಹೇಗೆ ಹೇಳುವುದು?

ಫೆಬ್ರವರಿ 21, ಶುಕ್ರವಾರ

ಹೇಳಿದೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಏಳು ಗಂಟೆಗೆ ಎಲ್ಲರೂ ಅರಳಿಕಟ್ಟೆಗೆ ಬಂದಿದ್ದರು. ಹೊರಡುವ ಮುಂಚೆ ಮುಂದಾಳಿನ ಕಾಲಿಗೆ ಬಿದ್ದು ವಿಭೂತಿ ಹಚ್ಚಿಸಿಕೊಂಡು ಹೋಗುವುದು ನಮ್ಮ ಗುಂಪಿನ ಪದ್ಧತಿ. ಈ ಸಲ ವಿಭೂತಿ ತಟ್ಟೆ ಶಿವಕುಮಾರನ ಕೈಯಲ್ಲಿತ್ತು. ಬೀರೇಶ ದೂರದಲ್ಲಿ, ರಸ್ತೆಯ ಆಚೆ ನಿಂತಿದ್ದ, ಮೈಲಿಗೆಯವನು ಹತ್ತಿರ ಬರಬಾರದಲ್ಲ. ಪಕ್ಕದಲ್ಲಿ ಮಾನಸ, ಮಗು. ನಾನು ನೇರವಾಗಿ ಕಟ್ಟೆಯ ಹತ್ತಿರ ಹೋದೆ. ಎಲ್ಲರೂ ಹಿಂದೆ ಸರಿದರು.

"ಸರಿಯಬೇಡ್ರಪ್ಪ" ಎಂದೆ. "ಸೂತಕ ಇಲ್ಲ. ಗುಡ್ಡಯ್ಯ ಚೆನ್ನಾಗವ್ರೆ, ಮೊನ್ನೆ ಪಾಯಸ ಉಂಡವ್ರೆ. ನಾನು ಸುಳ್ಳು ಹೇಳಿದೆ."

ಕಟ್ಟೆಗೆ ಕೈಯೂರಿ ನಿಂತು ಮುಂದುವರಿಸಿದೆ.

"ನಂಗೆ ಬಿಪಿ ಐತೆ. ತಪಾಸಣೆ ದಿನವೇ ಗೊತ್ತಾಯ್ತು. ಕಲ್ಲುಗುಂಡು ಅಂದಿದ್ದೂ ಸುಳ್ಳೇ. ನಡೀಬೇಡ ಅಂದವ್ರೆ ಡಾಕ್ಟ್ರು. ಮಾತ್ರೆ ನುಂಗ್ತಾ ಇವ್ನಿ, ಸಾಯೋ ತನಕ ನುಂಗಬೇಕು. ನೀವು ನಗ್ತೀರ ಅಂತ ಸುಳ್ಳು ಹೇಳಿದೆ, ಯಾಕಂದ್ರೆ ನಾನು ನಕ್ಕಿದ್ದೆ. ರಾಮಲಿಂಗಣ್ಣನ್ನ ನೋಡಿ ನಕ್ಕಿದ್ದೆ. ನೀವೂ ಇದ್ರಿ." ಶಿವಕುಮಾರನ ಕಡೆ ತಿರುಗಿದೆ. "ಅವ್ನು ಮಾರನೇ ವರ್ಷ ಮಾತ್ರೆ ಮನೇಲಿ ಬುಟ್ಟು ಬಂದ. ನನ್ನಿಂದ. ನಿಮ್ಮಲ್ಲಿ ಯಾರಾದ್ರೂ ತಗೊಳೋರಿದ್ರೆ ಮನೇಲಿ ಬುಟ್ಟು ಹೋಗಬೇಡಿ. ದಾರೀಲಿ ಎಲ್ಲರ ಮುಂದೆ ಕೂತು ನುಂಗಿ. ಮಾದಪ್ಪ ಒಪ್ಪಾಕಿಲ್ಲ ಅಂತ ನಾನು ಹೇಳಿದ್ದು ನನ್ನ ಮಾತು, ಅವನ ಮಾತಲ್ಲ."

ಆಮೇಲೆ ರಸ್ತೆಯ ಆಚೆಗೆ ತಿರುಗಿ, "ಬೀರೇಶ, ಚೀಲ ಕಟ್ಕಂಡು ಬಾ ಮಗ. ನಿಂಗೆ ಯಾವ ಮೈಲಿಗೇನೂ ಇಲ್ಲ" ಎಂದೆ.

ಅವನು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಓಡುತ್ತಾ ಮನೆಗೆ ಹೋದ. ಮಾನಸ ಅಲ್ಲೇ ನಿಂತು ಅಳುತ್ತಿದ್ದಳು, ಸಿಟ್ಟಿಗೋ ಸಮಾಧಾನಕ್ಕೋ ನನಗೆ ತಿಳಿಯಲಿಲ್ಲ.

ಅವನು ಬರುವವರೆಗೆ ಕಾಯಬೇಕಿತ್ತು. ಸ್ವಲ್ಪ ಹೊತ್ತಿನ ಮೇಲೆ ಶಿವಕುಮಾರ ವಿಭೂತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, "ಒಂದು ನಿಮಿಷ ಲಕ್ಕಣ್ಣ, ಮನೇಲಿ ಏನೋ ಮರ್ತು ಬಂದಿವ್ನಿ" ಎಂದು ಹೋದ. ಅವನ ಹಿಂದೆಯೇ ಇನ್ನೊಬ್ಬ. ಆಮೇಲೆ ಮತ್ತಿಬ್ಬರು, ಅಣ್ಣತಮ್ಮಂದಿರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಒಟ್ಟು ನಾಲ್ಕು ಜನ. ವಾಪಸ್ ಬಂದಾಗ ಶಿವಕುಮಾರನ ಅಂಗಿಯ ಜೇಬು ಉಬ್ಬಿತ್ತು. ಎಷ್ಟು ವರ್ಷದಿಂದ ತಗೊತಾ ಇದ್ದೀಯ ಎಂದು ಕೇಳಿದೆ. "ಐದು ವರ್ಷ ಆಯ್ತು. ದಾರೀಲಿ ನಿಂಗೆ ಕಾಣ್ದಂಗೆ ಹೊಂಗೆ ಮರದ ಹಿಂದೆ ಹೋಗಿ ನುಂಗ್ತಿದ್ದೆ. ಕೆಲವು ವರ್ಷ ಅದೂ ಇಲ್ಲ" ಎಂದ.

ಕೆಲವು ವರ್ಷ ಅದೂ ಇಲ್ಲ. ನನ್ನ ಹಿಂದೆ ನಡೆದವರು ಹೀಗೆ ನಡೆದಿದ್ದಾರೆ, ನಾನು ತಿರುಗಿ ನೋಡಿಯೇ ಇಲ್ಲ.

ಬೀರೇಶ ಬಂದ. ಪದ್ಧತಿ ಎಂದು ಒಬ್ಬೊಬ್ಬರಾಗಿ ನನ್ನ ಕಾಲು ಮುಟ್ಟಿದರು. ಬೇಡ ಎಂದರೂ ಮುಟ್ಟಿದರು. ಬೀರೇಶನ ಸರದಿ ಬಂದಾಗ ಅವನು ಬಗ್ಗಲಿಲ್ಲ. ತಟ್ಟೆಯಿಂದ ತಾನೇ ವಿಭೂತಿ ತೆಗೆದು ಹಚ್ಚಿಕೊಂಡ. ನಾನು ಬೆಳೆಸಿದ ಮಗ. ತಪ್ಪು ಅವನದಲ್ಲ.

"ಹೊಳೇಲಿ ಎಡಗಡೆ ಗುಂಡಿ ಐತೆ, ಬಲಕ್ಕೆ ಬಂಡೆ ಹಿಡ್ಕಂಡು ಇಳಿ" ಎಂದೆ.

ಅವನು ಹೂಂ ಎಂದ. ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದ.

ಫೆಬ್ರವರಿ 22, ಶನಿವಾರ

ಮಾತ್ರೆ ಪಟ್ಟಿಯನ್ನು ಬೀರುವಿನಿಂದ ತಂದು ಮನೆಯಲ್ಲಿ ದೇವರ ಗೂಡಿನ ಪಕ್ಕ ಇಟ್ಟೆ. ಮಾಗಡಿಗೆ ಫೋನ್ ಮಾಡಿ ಗುಡ್ಡಯ್ಯ ಚಿಕ್ಕಪ್ಪನ ಕೂಡ ಮಾತಾಡಿದೆ. ನನ್ನ ದನಿ ಕೇಳಿ, "ಏನ್ಲಾ, ಸತ್ತಿದ್ದೀನೋ ಅಂತ ನೋಡಕ್ಕೆ ಮಾಡಿದ್ಯಾ?" ಎಂದರು. ಇಲ್ಲ ಎಂದೆ.

ಫೆಬ್ರವರಿ 26, ಬುಧವಾರ. ಶಿವರಾತ್ರಿ

142/90. ಊತ ಪೂರ್ತಿ ಇಳಿದಿದೆ.

ಎಲ್ಲರೂ ಬೆಟ್ಟ ಸೇರಿದ್ದಾರೆ. ತೊಟ್ಟಿಲು ಹುಂಡಿಗೆ ಹಾಕಿದೆ ಎಂದು ಬೀರೇಶ ಮಾನಸಳಿಗೆ ಫೋನ್ ಮಾಡಿದನಂತೆ. ನನಗೆ ಮಾಡಲಿಲ್ಲ. ಮಾನಸ ಬಂದು ಹೇಳಿ ಹೋದಳು, ಅದೇ ದೊಡ್ಡದು.

ಮಧ್ಯಾಹ್ನ ದೊಡ್ಡಲಕ್ಷ್ಮಕ್ಕನ ಮನೆಗೆ ಹೋದೆ. ಅವಳು ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ನಾನು ಕೂರಲಿಲ್ಲ.

"ಅಕ್ಕ, ಅವತ್ತು ದಾರೀಲಿ ನಕ್ಕೋನು ನಾನೇ."

ಅವಳು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಅವ್ರೇ ಹೇಳಿದ್ರು. ನೀನು ಬಂದು ಹೇಳ್ತೀಯ ಅಂತ ಎರಡು ವರ್ಷದಿಂದ ನೋಡ್ತಿದ್ದೆ."

ತಪ್ಪಾಯಿತು ಎಂದೆನೇನೋ, ಸರಿಯಾಗಿ ನೆನಪಿಲ್ಲ. ಅವಳು ಪರವಾಗಿಲ್ಲ ಎನ್ನಲಿಲ್ಲ. ಸೊಪ್ಪನ್ನು ತಟ್ಟೆಗೆ ಹರಡಿ, ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಉಪವಾಸ ಅಂತ ಇವತ್ತು ಮಾತ್ರೆ ಬುಟ್ಟಿದ್ದೀಯ ತಾನೆ?"

ಬಿಟ್ಟಿದ್ದೆ. ಚಿಕ್ಕಂದಿನಿಂದ ಶಿವರಾತ್ರಿ ದಿನ ನೀರೂ ಮುಟ್ಟಿದವನಲ್ಲ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಹೂಂ ಎಂದೆ.

ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. ಬೆಳಿಗ್ಗೆ ಗೂಡಿನ ಪಕ್ಕದಿಂದ ತೆಗೆದು ನುಂಗದೆ ಜೇಬಿಗೆ ಹಾಕಿಕೊಂಡಿದ್ದ ಪಟ್ಟಿ ಹಾಗೇ ಇತ್ತು. ಅವಳ ಎದುರಿಗೆ ನಿಂತು ಒಂದು ಮಾತ್ರೆ ಬಿಡಿಸಿ ನುಂಗಿದೆ. ಚೊಂಬು ಖಾಲಿಯಾಗುವ ತನಕ ಕುಡಿ ಎಂದಳು, ಕುಡಿದೆ.